ನಮ್ಮಮ್ಮನ ಬೋಗುಣಿಯನ್ನು ಗಾಜಿನ ಪೆಟ್ಟಿಗೆಗೇರಿಸಿದ ಮಹನೀಯರಿಗೆ

ವಾಡ್ಲೋ ಕಾಲೇಜಿನ ಪ್ರಾದೇಶಿಕ ಇತಿಹಾಸ ವಿಭಾಗದ ಮುಖ್ಯಸ್ಥರೂ, ಅಯೋವಾದ ಈ ಪುಟ್ಟ ಊರಿಗೆ ಬಂದು ಎರಡೇ ವರ್ಷಗಳಲ್ಲಿ ನಮ್ಮ ನೂರೈವತ್ತು ವರ್ಷಗಳನ್ನು ಅರೆದು ಕುಡಿದವರೂ ಆದ ಪ್ರೊಫೆಸರ್ ಪೆಂಡರ್‌ಗ್ರಾಸ್ ಅವರ ಸನ್ನಿಧಾನಕ್ಕೆ, ಇಲ್ಲೇ ಹುಟ್ಟಿ ಎಪ್ಪತ್ತೊಂದು ವರ್ಷ ಬದುಕಿದ್ದರ ಹೊರತು ಬೇರಾವ ಅರ್ಹತೆಯೂ ಇಲ್ಲದ ಲಾವೊನ್ ಸ್ಟೌಫರ್ ಮಾಡುವ ವಂದನೆಗಳು.

ಮಾನ್ಯರೇ, ಕಾಲೇಜಿನ ನೂರೈವತ್ತನೇ ವರ್ಷದ ವಸ್ತುಪ್ರದರ್ಶನ ನೋಡಿ ಕಣ್ಣು ತಂಪಾಯಿತು. ಮೂರನೆಯ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ವಿರಾಜಮಾನವಾಗಿರುವ ಕಂದು ಮಣ್ಣಿನ ಬೋಗುಣಿಯ ಮುಂದೆ ನಿಂತಾಗಲಂತೂ ಪಕ್ಕದ ಮನೆಯ ಡಾರ್ಕಸ್ ನನ್ನನ್ನು ತಿವಿದು, 'ಲೇ ಲಾವೊನ್, ಇದು ನಿಮ್ಮಮ್ಮನ ಆಲೂಗಡ್ಡೆ ಬೋಗುಣಿ ಅಲ್ವೇನೇ? ಮಾರ್ಚಿಂದ ಹುಡುಕ್ತಾ ಇದ್ದೀಯಲ್ಲ' ಎಂದಳು. ಮಾರ್ಚಿನ ಚಳಿಯಲ್ಲಿ ಚರ್ಚನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟು, ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ನಮ್ಮ ಊಟವನ್ನು ತಮ್ಮ ಸಭಾಂಗಣದಲ್ಲಿ ಮಾಡಿದೆವಲ್ಲ, ಅಂದು ಅಲ್ಲೇ ಉಳಿದ ಬೋಗುಣಿ ಅದು. ಅದರ ಕೆಳಗೆ ತಾವು ಬರೆಸಿರುವುದು: 'ಅನಾಮಿಕ ವಲಸಿಗ ಮಹಿಳೆಯ ಪಾತ್ರೆ, ಸುಮಾರು 1870. ಬಳಕೆ ತಿಳಿದಿಲ್ಲ, ಬಹುಶಃ ಧಾರ್ಮಿಕ.'

ಧಾರ್ಮಿಕ ಎಂಬುದು ನಿಜವೇ. ಪಾದ್ರಿಗಳ ಉಪದೇಶ ಎಷ್ಟೇ ಉದ್ದವಾದರೂ ಜನ ಎದ್ದು ಹೋಗದಂತೆ ಹಿಡಿದಿಟ್ಟಿದ್ದು ಅದರೊಳಗಿನ ಚೀಸು, ಆಲೂಗಡ್ಡೆ. ತಾವು 'ಅಪರೂಪದ ಲೇಪ' ಎಂದು ಕೊಂಡಾಡಿರುವ ಅಂಚಿನ ಕರಿಕಲೆ 1998ರಲ್ಲಿ ಸೀದುಹೋದ ಚೀಸು. ಆದರೆ ಅನಾಮಿಕ ಎಂಬುದನ್ನು ಮಾತ್ರ ನುಂಗಲಾರೆ. ಈ ಊರಿನಲ್ಲಿ ಹೆಸರಿಲ್ಲದ ಬೋಗುಣಿ ಹೊಸಿಲು ದಾಟುವುದಿಲ್ಲ ಸ್ವಾಮಿ. ಊಟ ಮುಗಿದ ಮೇಲೆ ತನ್ನ ಮನೆಗೆ ಮರಳಲೆಂದು ತಳಕ್ಕೆ ಬಿಳಿ ಟೇಪು ಅಂಟಿಸಿ ಹೆಸರು ಬರೆದೇ ಒಯ್ಯುತ್ತೇವೆ. ಈ ಬೋಗುಣಿಯ ಟೇಪಿನ ಮೇಲೆ 'ಆರ್ಡಿತ್ ಸ್ಟೌಫರ್' ಎಂದಿತ್ತು, ಅಮ್ಮನ ಕೈಬರಹದಲ್ಲಿ. ಅವಳು ತೀರಿಕೊಂಡು ಒಂಬತ್ತು ವರ್ಷ. ಕಾಗದ ಬರೆಯುವ ಪೈಕಿಯಲ್ಲ ಅವಳು, ಅವಳ ಕೈಬರಹವೆಂದು ಉಳಿದದ್ದು ಅದೊಂದೇ, ಹಾಗಾಗಿ ತಳಕ್ಕೆ ನೀರು ತಾಗದಂತೆ ತೊಳೆಯುತ್ತಿದ್ದೆ.

ನಾನು ವಿಚಾರಿಸಲು ಬಂದಾಗ ತಮ್ಮ ಸಹಾಯಕಿ, 'ತಳದಲ್ಲಿ ಏನೋ ಹಳೇ ಕೊಳೆ ಅಂಟಿತ್ತು ಮೇಡಂ, ಶುಚಿ ಮಾಡುವಾಗ ಕಿತ್ತು ಬಿಸಾಕಿದ್ವಿ. ನಿಮ್ಮದೇ ಅನ್ನೋಕೆ ಪುರಾವೆ ಏನಿದೆ?' ಎಂದು ಬಹು ವಿನಯದಿಂದ ಕೇಳಿದರು. ಅಂಗೈ ಹುಣ್ಣಿಗೆ ಕನ್ನಡಿ ಕೇಳುವುದು ವಿದ್ವಾಂಸರ ಧರ್ಮವಿರಬಹುದು, ಕನ್ನಡಿಯನ್ನು ತಾವೇ ಒಡೆದು ಕೇಳುವುದನ್ನು ನಾನು ಮೊದಲ ಸಲ ಕಂಡೆ.

ಅಮ್ಮ ತಮ್ಮ ಕಾಲೇಜಿನ ಅಡುಗೆಮನೆಯಲ್ಲಿ ಮೂವತ್ತೆಂಟು ವರ್ಷ ದುಡಿದಳು. ತಮ್ಮ ಗಂಟೆಗೋಪುರದ ಇಟ್ಟಿಗೆಯೂ ಈ ಬೋಗುಣಿಯೂ ನಮ್ಮ ಹಿರಿಯರ ಒಂದೇ ಗೂಡಿನಲ್ಲಿ ಬೆಂದವು. ತಮ್ಮ ನಾನೂರು ಪುಟಗಳ ಕಾಲೇಜು ಚರಿತ್ರೆಯಲ್ಲಿ ಸ್ಥಾಪಕರ ಕುದುರೆಗೂ ಹೆಸರಿದೆ, ಅಮ್ಮನಿಗಿಲ್ಲ. ಬೋಗುಣಿಯ ತಳದಲ್ಲಿದ್ದ ಒಂದು ಹೆಸರನ್ನೂ ಕಿತ್ತಿರಿ.

ಆದ್ದರಿಂದ ತಾವು ಶಿಷ್ಯವೃಂದದೊಡನೆ ಊರ ಕಸದ ರಾಶಿಯನ್ನು ಉತ್ಖನನ ಮಾಡಿ ಆ ಟೇಪನ್ನು ಹುಡುಕಿ ಕೊಡಬೇಕೆಂದು ಪ್ರಾರ್ಥನೆ. ಆಗದಿದ್ದರೆ ಚೀಟಿಯನ್ನಾದರೂ ತಿದ್ದಿ: 'ಆರ್ಡಿತ್ ಸ್ಟೌಫರ್, ಈ ಕಾಲೇಜಿನ ಅಡುಗೆಯವಳು. ಬಳಕೆ: ಆಲೂಗಡ್ಡೆ.' ನವೆಂಬರಿನ ಸುಗ್ಗಿ ಊಟಕ್ಕೆ ಮಾತ್ರ ಬೋಗುಣಿ ನನಗೆ ಬೇಕು.

ಸದ್ಯಕ್ಕೆ ಇನ್ನೂ ಹೆಸರುಳ್ಳ, ತಮ್ಮ ವಿಶ್ವಾಸಿ,
ಲಾವೊನ್ ಸ್ಟೌಫರ್

ಮರೆತ ಮಾತು: ಮಾರ್ಚಿನ ಆ ಊಟದ ದಿನ ತಾವು ಸೊಪ್ಪಿನ ಸಲಾಡ್ ತಂದಿದ್ದ ನೀಲಿ ಗಾಜಿನ ಬಟ್ಟಲು ನಮ್ಮ ಸಾಮಾನಿನ ಜೊತೆ ಚರ್ಚಿಗೆ ಬಂದುಬಿಟ್ಟಿದೆ. ತಳ ನೋಡಿದೆವು, ಹೆಸರಿಲ್ಲ. ಹಾಗಾಗಿ ಬಾಗಿಲ ಪಕ್ಕದ ಕಪಾಟಿನಲ್ಲಿಟ್ಟು ಡಾರ್ಕಸ್ ಚೀಟಿ ಬರೆದಿದ್ದಾಳೆ: 'ಅನಾಮಿಕ ಪ್ರೊಫೆಸರ್. ಬಳಕೆ ತಿಳಿದಿಲ್ಲ.'