ಗೋಡೆಗೆ ಹತ್ತಿದ ಸವಳು

ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದರೆ ಜಾಣರು ಗೋಡೆಗೆ ಸುಣ್ಣ ಹೊಡೆಸುತ್ತಾರೆ. ನಾನು ಚಳಿಗಾಲ ಹೊಡೆಸಿದೆ.

ತಪ್ಪು ಚಿಮ್ಮಡದ ಮಧುಮತಿಯದು. ನನ್ನನ್ನು ನೋಡಿದ ದಿನ, "ನಿಮಗ ಚಿತ್ರಾ ಸೇರ್ತಾವೇನ್ರಿ?" ಎಂದು ಕೇಳಿದಳು. ನಾನೋ ಮುಧೋಳದಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವವನು. ಆದರೂ, "ಚಿತ್ರಾ ಅಂದ್ರ ಜೀವಾರೀ" ಎಂದುಬಿಟ್ಟೆ.

ಮಾತಿಗೆ ಸಾಕ್ಷಿ ಬೇಕಲ್ಲ. ಮೊಬೈಲಿನಲ್ಲಿ ಯುರೋಪಿನ ಹಳೆಯ ತೈಲಚಿತ್ರವೊಂದನ್ನು ಹುಡುಕಿದೆ. ಕಣ್ಣು ಹಾಯುವವರೆಗೂ ಹಿಮ, ಎಲೆಯಿಲ್ಲದ ಮರ, ಮುರಿದ ಗೋಡೆ, ಒಂದು ಕಾಗೆ. (ಸಾಕ್ಷಾತ್ ವಿರಹ.) ಅಂಗಡಿ ಬೋರ್ಡು ಬರೆಯುವ ಭೀಮಶಿ ಅದನ್ನು ನಮ್ಮ ಪಡಸಾಲೆಯ ಗೋಡೆಗೆ ಬಾಗಿಲಿನಷ್ಟು ದೊಡ್ಡದಾಗಿ ಎಣ್ಣೆಬಣ್ಣದಲ್ಲಿ ಇಳಿಸಿಕೊಟ್ಟ.

"ಭಾಳ ಭಣಭಣ ಅನಸ್ತೈತಿ ವೀರೇಶಾ. ಒಂದ್ ಗಿಳಿ ಹಾಕ್ಲೇನು?" ಎಂದ. ಬೇಡವೆಂದೆ.

ಮಧುಮತಿಯ ತಂದೆ ಶಿದ್ರಾಮಪ್ಪನವರು ಕಬ್ಬಿನ ರೈತರು. ಮನೆ ನೋಡಲು ಬಂದವರು, ಅವ್ವ ಕೊಟ್ಟ ಚಹಾ ಹಿಡಿದು ಚಿತ್ರದ ಮುಂದೆ ನಿಂತರು. ನಿಂತೇಬಿಟ್ಟರು. ನಮ್ಮ ಕಡೆ ಗೋಡೆ ಏರುವುದು ದೇವರು, ತೀರಿಕೊಂಡ ಹಿರಿಯರು, ಇಲ್ಲವೇ ಸ್ವಂತ ಆಸ್ತಿ. ಇದರಲ್ಲಿ ದೇವರೂ ಇರಲಿಲ್ಲ, ಅಜ್ಜನೂ ಇರಲಿಲ್ಲ.

"ನೀರ ಹೆಚ್ಚ ಹಾಯಿಸಿ ಹೊಲಾ ಸವಳ ಮಾಡೀರಲ್ರೀ," ಎಂದರು.

ನೀರು ಅತಿಯಾಗಿ, ಉಪ್ಪೆದ್ದು ಬೆಳ್ಳಗಾದ ಹೊಲ ನಮ್ಮಲ್ಲಿ ಅಪರೂಪವಲ್ಲ. ಅಂಥ ಹೊಲದವರಿಗೆ ಹೆಣ್ಣು ಸಿಗುವುದು ಅಪರೂಪ.

"ಅದು ಹಿಮಾರೀ, ಕಾಕಾರ."

"ಏನರ ಇರ್ಲಿ. ಬೆಳಿ ಬರಾಂಗಿಲ್ಲ, ಹೌದಿಲ್ಲೋ?"

"ಯುರೋಪಿನ ನೆಲಾರೀ ಅದು."

"ಅಷ್ಟ ದೂರ ಯಾಕ ಹಿಡದ್ರಿ ಹೊಲಾ?"

ಚಹಾ ಮುಗಿಸಿ, ಲಗ್ನದ ಮಾತೆತ್ತದೆ ಹೊರಟರು. ಲಗ್ನ ಮುರಿಯಿತೆಂದು ಅವ್ವ ಅಂದು ನನಗೆ ರೊಟ್ಟಿ ಬಡಿಯಲಿಲ್ಲ.

ಮರುದಿನ ಮಧುಮತಿಯ ಫೋನು. "ಅಪ್ಪಾರು ಒಪ್ಯಾರ್ರೀ. ಕೆಟ್ಟ ಹೊಲಾ ಮಂದಿ ಮುಚ್ಚಿಡ್ತಾರ, ಇವ್ರು ಗ್ವಾಡಿಗೇ ಹಾಕ್ಯಾರ, ಖರೇ ಮಂದಿ ಅಂದ್ರು."

"ಆದ್ರ ಅದು ಹೊಲಾ ಅಲ್ಲ..."

"ನನಗ ಗೊತ್ತೈತ್ರಿ. ಲಗ್ನಾ ಬೇಕಾದ್ರ ಸುಮ್ಮಿರ್ರಿ."

ಸುಮ್ಮನಾದೆ. ಅಂದಿನಿಂದ ಸುಮ್ಮನೇ ಇದ್ದೇನೆ, ಸುಖವಾಗಿಯೂ ಇದ್ದೇನೆ.

ಮೊನ್ನೆ ಮಧುಮತಿ ತಾನೇ ಕುಂಚ ಹಿಡಿದು ಆ ಹಿಮದ ತುಂಬ ಹಸಿರು ಕಬ್ಬು ಬೆಳೆಸಿದಳು. "ಅಪ್ಪಾರು ಬಂದಾಗೊಮ್ಮೆ ಈ ಹೊಲಕ್ಕ ಮರಗ್ತಾರ, ನೋಡಾಕ ಆಗವಲ್ದು," ಎಂದಳು. ನನ್ನ ವಿರಹದಲ್ಲಿ ಉಳಿದದ್ದು ಕಾಗೆಯೊಂದೇ.

ಮಾವನವರು ಬಂದರು. ಚಿತ್ರವನ್ನು ಮೇಲಿಂದ ಕೆಳಗೆ ನೋಡಿದರು, ನನ್ನನ್ನೂ ಹಾಗೆಯೇ ನೋಡಿದರು, ಮಗಳ ತಲೆ ಸವರಿದರು.

"ಹೊಲಾ ಅಂತೂ ಸುಧಾರಿಸಿದಿ ನೋಡವಾ. ಇನ್ನ ಇಂವಾ ಒಬ್ಬಾಂವ ಉಳದಾನ."