ಆರಕ್ಕೆ ಕೂಡದ ಲೆಕ್ಕ

ನನ್ನ ಗಂಡನ ಕಾಕಾ ಅವರು ರೊಟ್ಟಿ ತಿಂದು ಬದುಕಿದ್ದಾರೆಂದು ನೀವು ತಿಳಿದಿದ್ದರೆ ಅದು ತಪ್ಪು. ಅವರು ಬದುಕಿರುವುದು ‘ಎಷ್ಟು ಬಗೆ?’ ಎಂಬ ಎರಡೇ ಮಾತಿನ ಮೇಲೆ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೆಲಸದಿಂದ ನಿವೃತ್ತರಾಗಿ ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತವರು, ಈಗ ಬಸ್ಸುಗಳ ಬದಲು ನಮ್ಮನ್ನು ಎಣಿಸುತ್ತಾರೆ.

ಯಾದಗಿರಿಗೆ ನನ್ನನ್ನು ನೋಡಲು ಬಂದ ದಿನವೇ ಇದು ಶುರುವಾಗಿತ್ತು. ಉಳಿದವರು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರೆ ಇವರು, “ಈ ಖೋಲಿಯಾಗ ಎಂಟು ಮಂದಿ ಅದೀವಿ. ಎಲ್ಲಾರೂ ಎಲ್ಲಾರಿಗೂ ನಮಸ್ಕಾರ ಮಾಡಿದ್ರ ಎಷ್ಟು ನಮಸ್ಕಾರ ಆಗ್ತಾವವ್ವ?” ಎಂದರು.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಕೈಕುಲುಕುವ ಲೆಕ್ಕ ನೆನಪಿತ್ತು. “ಇಪ್ಪತ್ತೆಂಟು” ಎಂದೆ.

“ತಪ್ಪು. ಇದೇನು ಕೈ ಕುಲುಕೂದಲ್ಲ, ಇಬ್ಬರದೂ ಒಂದರಾಗ ಮುಗಿಯಾಕ. ನೀ ನನಗ ಮಾಡಬೇಕು, ನಾ ನಿನಗ ಮಾಡಬೇಕು. ಐವತ್ತಾರು.”

ನನಗೂ ಎಲ್ಲಿಂದಲೋ ಧೈರ್ಯ ಬಂತು. “ಹಿರಿಯರು ತಿರುಗಿ ನಮಸ್ಕಾರ ಮಾಡಂಗಿಲ್ಲರಿ, ಆಶೀರ್ವಾದ ಮಾಡ್ತಾರ. ಇಬ್ಬರಾಗ ಸಣ್ಣವರೊಬ್ಬರೇ ನಮಸ್ಕಾರ ಮಾಡೋದು. ಇಪ್ಪತ್ತೆಂಟೇ.”

ಕಾಕಾ ಉಳಿದವರ ಕಡೆ ತಿರುಗಿ, “ರೊಟ್ಟಿ ಬರದಿದ್ರೂ ನಡೀತದ” ಎಂದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಜಾತಕವನ್ನು ಆಮೇಲೆ ಯಾರೋ ನೋಡಿದರಂತೆ.

ನಮ್ಮ ಮನೆಯಲ್ಲಿ ರೊಟ್ಟಿಗೆ ನಾಲ್ಕು ಹಿಂಡಿ, ಅಂದರೆ ಚಟ್ನಿಪುಡಿ, ಸದಾ ಇರುತ್ತವೆ: ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ. ಪ್ರತಿಯೊಂದನ್ನೂ ಹಾಕಿಕೊಳ್ಳಬಹುದು, ಬಿಡಬಹುದು. ಹಾಗಾಗಿ ಊಟದ ತಾಟಿನ ಬಗೆ ಹದಿನಾರು ಎಂಬುದು ಕಾಕಾ ಅವರ ಸಿದ್ಧಾಂತ. ಒಮ್ಮೆ ಕಾಕಿ ಸಿಟ್ಟಿನಿಂದ ಬರೀ ಒಣ ರೊಟ್ಟಿ ಹಾಕಿದರು. ಕಾಕಾ ಸಂತೋಷದಿಂದ, “ಇದು ಹದಿನಾರನೇದು. ಇಷ್ಟು ದಿನ ಇದೊಂದು ಉಳದಿತ್ತು” ಎಂದು ಮುರಿದು ತಿಂದರು. ಕಾಕಿ ನನ್ನ ಕಡೆ ತಿರುಗಿ, “ಇವರ ಮ್ಯಾಲೆ ಸಿಟ್ಟು ಮಾಡೂದೂ ದಂಡ ನೋಡವ್ವ” ಎಂದರು.

ಆದರೆ ನಮ್ಮ ಮನೆಯಲ್ಲಿ ದಂಡವಾಗದ ಸಿಟ್ಟೊಂದಿತ್ತು. ಎರಡು ವರ್ಷದ ಹಿಂದೆ ಮನೆಯ ವಾಸ್ತುಶಾಂತಿಗೆ ನನ್ನ ಗಂಡ ಕಾರ್ಡು ಮಾಡಿಸಿದರು. ‘ಸುಖಾಗಮನ ಬಯಸುವವರು’ ಎಂಬಲ್ಲಿ ಹದಿನೇಳು ಹೆಸರುಗಳಿದ್ದವು. ದೋರನಹಳ್ಳಿಯಲ್ಲಿ ಲೆಕ್ಕದ ಮಾಸ್ತರನಾಗಿರುವ ಒಬ್ಬನೇ ತಮ್ಮನ ಹೆಸರಿರಲಿಲ್ಲ. ಅಣ್ಣ ತಪ್ಪನ್ನು ಪ್ರೆಸ್ಸಿನವನ ಮೇಲೆ ಹಾಕಿದರು. ತಮ್ಮ ಅಂದಿನಿಂದ ಮನೆಗೆ ಬರಲಿಲ್ಲ. ಅತ್ತೆ ಆ ವಿಷಯ ಎತ್ತುತ್ತಲೇ ಇರಲಿಲ್ಲ. ಊಟಕ್ಕೆ ತಾಟು ತರುವಾಗ ಮಾತ್ರ ಒಂದು ಹೆಚ್ಚು ತರುತ್ತಿದ್ದರು. ವಯಸ್ಸಿನ ಮರೆವೆಂದು ನಾನು ಅದನ್ನು ಮಾತಿಲ್ಲದೆ ಒಳಗಿಡುತ್ತಿದ್ದೆ.

ಈ ಯುಗಾದಿಗೆ ಕಾಕಾ ಹೊಸ ಲೆಕ್ಕ ತೆಗೆದರು. ಅತ್ತೆ, ಕಾಕಾ, ಕಾಕಿ, ನಾವಿಬ್ಬರು, ನಮ್ಮ ಮಗಳು, ಹೀಗೆ ಆರು ಮಂದಿ ರೊಟ್ಟಿ ಬುಟ್ಟಿಯ ಸುತ್ತ ದುಂಡಗೆ ಕೂತು ಉಣ್ಣುವವರು. ಪ್ರತಿ ಊಟಕ್ಕೂ ಜಾಗ ಬದಲಿಸುತ್ತ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಬಾಜೂಕ, ಅಂದರೆ ಪಕ್ಕದಲ್ಲಿ, ಒಂದೇ ಒಂದು ಸಲ ಕೂರಬೇಕಂತೆ. ಹುಣಸೆ ಬೀಜ ಜೋಡಿಸಿ ನೋಡಿ ತಲೆಯಾಡಿಸಿದರು.

“ಆರು ಮಂದಿಗೆ ಲೆಕ್ಕ ಕೂಡವಲ್ದು. ಒಬ್ಬೊಬ್ಬರಿಗೆ ಉಳದವರು ಐದು. ಒಂದು ಊಟಕ್ಕ ಆಜೂಬಾಜೂ ಇಬ್ಬರು. ಎರಡು ಊಟಕ್ಕ ನಾಕು ಮಂದಿ ತೀರಿದ್ರು, ಒಬ್ಬರು ಉಳದ್ರು. ಏಳು ತಲಿ ಬೇಕು. ಮೂರು ಊಟಕ್ಕ ಚೊಕ್ಕ ಮುಗೀತದ.”

ಅಲ್ಲೇ ಮೈದುನನಿಗೆ ಫೋನು ಹಚ್ಚಿದರು. “ನಿಮ್ಮಣ್ಣನ ಸಲುವಾಗಿ ಬರಬ್ಯಾಡಪ್ಪ. ನನ್ನ ಲೆಕ್ಕಕ್ಕ ಒಂದು ತಲಿ ಕಮ್ಮಿ ಬಿದ್ದದ.”

“ಬಾಜೂ ಮನಿಯವರನ್ನ ಕರೀರಿ ಕಾಕಾ.”

“ಅವರು ಗಂಡ ಹೆಂಡತಿ ಕೂಡೇ ಬರ್ತಾರ, ಎಂಟಾಗ್ತದ. ಎಂಟಕ್ಕೂ ಕೆಡ್ತದ.”

ಲೆಕ್ಕದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಕರೆ ಯಾವುದಿದೆ? ಮೈದುನ ಬಂದ. ಮೊದಲ ಊಟದಲ್ಲಿ ಅವನು ತಾಯಿಯ ಪಕ್ಕ, ಎರಡನೆಯದರಲ್ಲಿ ನನ್ನ ಮಗಳ ಪಕ್ಕ. ಮೂರನೆಯದಕ್ಕೆ ತಪ್ಪಿಸಿಕೊಳ್ಳಲು ಯಾರೂ ಉಳಿದಿರಲಿಲ್ಲ. ಅಣ್ಣತಮ್ಮಂದಿರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕಾಕಾ ತಾಟು ಸರಿಸಿದರು.

ನನ್ನ ಗಂಡ ಗುರೆಳ್ಳು ಹಿಂಡಿಯ ಬಟ್ಟಲನ್ನು ತಮ್ಮನ ಕಡೆ ದೂಡಿದರು.

“ಪ್ರೆಸ್ಸಿನವಂದು ತಪ್ಪಲ್ಲೋ. ಕಾರ್ಡಿಗೆ ಯಾದಿ ಚೊಕ್ಕ ಬರಿಯೂ ಮುಂದ ನಿನ್ನ ಹೆಸರು ನಾನೇ ಬಿಟ್ಟೀನಿ.”

“ಇದನ್ನ ಹೇಳಾಕ ಎರಡು ವರ್ಷ ಬೇಕಾತೇನು?”

“ನೀ ಬಾಜೂಕ ಕುಂತಿದ್ದಿಲ್ಲಲ್ಲ.”

ಮೈದುನ ಹಿಂಡಿ ಹಾಕಿಕೊಂಡ. ಅತ್ತೆ ತಲೆ ಎತ್ತದೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಆಗಲೇ ಅಲ್ಲಿ ಮೂರಿದ್ದವು.

ಎಲ್ಲರೂ ಎದ್ದ ಮೇಲೆ ಹುಣಸೆ ಬೀಜ ಆರಿಸುತ್ತ ನನಗೊಂದು ಹೊಳೆಯಿತು. ಸಿಸ್ಟರ್ ಕಲಿಸಿದ ವಿದ್ಯೆ ಸುಮ್ಮನಿರುತ್ತದೆಯೇ? “ಕಾಕಾ, ನೀವು ಉಣ್ಣಾಕ ಕುಂಡ್ರದ ನೀಡಾಕ ನಿಂತಿದ್ರ ನಾವು ಐದೇ ಮಂದಿ ಆಗ್ತಿದ್ವಿ. ಎರಡೇ ಊಟಕ್ಕ ಲೆಕ್ಕ ಕೂಡ್ತಿತ್ತಲ್ಲರಿ?”

ಕಾಕಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಗೊತ್ತಿತ್ತವ್ವ. ಖರೇ, ನಿಮ್ಮತ್ತಿ ದಿನಾ ಏಳು ತಾಟು ತರ್ತಾರ. ನೀ ಒಂದು ಒಳಗ ಇಡ್ತೀ. ಎರಡು ವರ್ಷ ಎಣಿಸಿಕೋತ ಕುಂತೀನಿ.”