ಇಬ್ಬರು ಕ್ಲಾರಿನೆಟ್‌ನವರನ್ನು ಒಂದೇ ಸಾಲಿನಲ್ಲಿ ಉಳಿಸುವ ಕುರಿತು

ಇಂದ:
ಪೀರಪ್ಪ, ಎರಡನೆಯ ಕ್ಲಾರಿನೆಟ್ (ಮುಂದೆ ‘ಅರ್ಜಿದಾರ’ ಎನಿಸಿಕೊಳ್ಳುವವನು),
ಕಲಬುರಗಿ.

ಗೆ:
ಮಾಣಿಕಪ್ಪನವರು, ಮಾಲೀಕರು,
ಮಾಣಿಕ ಬ್ಯಾಂಡ್ ಕಂಪನಿ, ನೆಹರು ಗಂಜ್, ಕಲಬುರಗಿ.

ದಿನಾಂಕ: 14-5-2004

ವಿಷಯ: ಅರ್ಜಿದಾರನ ಹಿಂದಿನ ಅರ್ಜಿಯ ಮಂಜೂರಾತಿಯನ್ನು ರದ್ದುಪಡಿಸುವಂತೆ ಕೋರಿ.

ಉಲ್ಲೇಖ: 1. ಅರ್ಜಿದಾರನೇ ಸಿಟ್ಟಿನಲ್ಲಿ ಬರೆದ ದಿ. 3-5-2004ರ ಅರ್ಜಿ.
2. “ಸೋಮವಾರದಿಂದ ನಿಮ್ಮಿಬ್ಬರದೂ ಬ್ಯಾರೆ ಬ್ಯಾರೆ” ಎಂಬ ತಮ್ಮ ಬಾಯಿಮಾತಿನ ಆದೇಶ.

ಮಾನ್ಯರೇ,

1. ತಾವು ಕಂಪ್ಯೂಟರ್ ತಂದ ಮೇಲೆ, ಕಾಗದ ಉಳಿಸುವ ಸಲುವಾಗಿ, ಒಂದನೆಯ ಕ್ಲಾರಿನೆಟ್ ಮಲಂಗಸಾಬ ಹಾಗೂ ಅರ್ಜಿದಾರ ಇವರಿಬ್ಬರ ಸ್ವರಗಳನ್ನೂ ಐದು ಗೆರೆಯ ಒಂದೇ ಸಾಲಿಗೆ ಸೇರಿಸಿ ಪ್ರಿಂಟ್ ತೆಗೆದಿರಿ. ಸ್ವರದ ಚುಕ್ಕೆಗೆ ಅಂಟಿದ ಕಡ್ಡಿ ಮೇಲಕ್ಕಿದ್ದರೆ ಮಲಂಗಸಾಬನದು, ಕೆಳಕ್ಕಿದ್ದರೆ ಅರ್ಜಿದಾರನದು. ಸ್ವರ ಒಂದೇ ಆದಲ್ಲಿ ಮೇಲೆ ‘ಇಬ್ಬರೂ’ ಎಂಬ ಬರಹ. ಈ ಕಾರಣದಿಂದ ಹಾಳೆ ಒಂದು, ಸ್ಟ್ಯಾಂಡ್ ಒಂದು, ಬೆಂಚೂ ಒಂದಾಯಿತು.

2. ಸದರಿ ಇಬ್ಬರೂ ಮಿಲಿಟರಿ ಬ್ಯಾಂಡಿನಲ್ಲಿ ಒಟ್ಟಿಗೆ ಕಲಿತವರು. ಆದರೆ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಕಮಲಾಪುರದ ಸಂತೆಯಲ್ಲಿ ಅರ್ಜಿದಾರ ಕೊಂಡ ಒಂದು ಡಜನ್ ಕೆಂಪು ಬಾಳೆಹಣ್ಣಿನ ಮೇಲೆ ಮಲಂಗಸಾಬ ಬಸ್ಸಿನಲ್ಲಿ ಕೂತುಬಿಟ್ಟದ್ದೇ ಮೂಲ. ಕೂತದ್ದನ್ನು ಅರ್ಜಿದಾರ ಕ್ಷಮಿಸುತ್ತಿದ್ದ. ಆದರೆ ಆತ ಕಲಬುರಗಿ ಬರುವ ತನಕ ಏಳಲೇ ಇಲ್ಲ. ಆದ್ದರಿಂದ ಅಂಥವನ ಪಕ್ಕ ಕೂರಲಾರೆನೆಂದು ಉಲ್ಲೇಖ 1ನ್ನು ಬರೆಯಲಾಯಿತು.

3. ಕಳೆದ ರವಿವಾರ ಕಮಲಾಪುರದಲ್ಲಿ ಜಗದೇವಪ್ಪನವರ ಮಗಳ ಮದುವೆ. ಹಾಡು ಮುಗಿದೊಡನೆ ವಧು ಹಾರ ಹಾಕಬೇಕೆಂದು ಏರ್ಪಾಡು. ಮೊದಲ ಪುಟ ಮುಗಿಯಿತು. ಹಾಳೆ ತಿರುವುವುದು ಎರಡನೆಯವನ ಕೆಲಸವೆಂದು ಮಲಂಗಸಾಬ, ಒಂದನೆಯವನದೆಂದು ಅರ್ಜಿದಾರ. ಕೇಳೋಣವೆಂದರೆ ಮಾತಿಲ್ಲ. ಈ ಕಾರಣದಿಂದ ಇಬ್ಬರೂ ಮತ್ತೆ ಮೊದಲ ಪುಟದ ತಲೆಗೇ ಹೋದರು. ಇಡೀ ಬ್ಯಾಂಡು ಹಿಂದೆ ಬಂತು. ಹೀಗೆ ಐದು ಸಲ. ಒಬ್ಬರನ್ನೊಬ್ಬರು ಕೇಳದೆಯೇ ಇಬ್ಬರೂ ಒಂದೇ ತಪ್ಪು ಮಾಡಿದ್ದನ್ನು ಮಾನ್ಯರು ಗಮನಿಸಬೇಕು.

ಜಗದೇವಪ್ಪನವರು ಬಂದರು. “ಏನ್ರೀ, ಈ ಹಾಡು ಮುಗೀತದೋ ಇಲ್ಲೋ? ಹಾರ ಎತ್ತಿ ಹಿಡ್ದು ಹುಡುಗಿ ಕೈ ನೋಯಾಕತ್ತಾವ.”

ಮಲಂಗಸಾಬ ಕ್ಲಾರಿನೆಟ್ ಬಾಯಿಂದ ತೆಗೆದ. “ಪೀರಪ್ಪ, ಹಾಳಿ ತಿರುವಪಾ. ನನ್ನ ಉಸಿರು ಹೋಗಾಕತ್ತದ.”

“ತಿರುವ್ತೀನಿ. ಅವತ್ತ ಬಸ್ಸಿನಾಗ ಯಾಕ ಏಳಲಿಲ್ಲ, ಅದು ಹೇಳು.”

“ಬಿಳಿ ಪ್ಯಾಂಟ್ ಇತ್ತಲ್ಲೋ. ಎದ್ದಿದ್ರ ಎಲ್ಲಾರೂ ಹಿಂದ ನೋಡ್ತಿದ್ರು.”

ತದನಂತರ ಇಬ್ಬರಿಗೂ ನಗು ತಡೆಯದೆ ಊದಲು ಆಗಲಿಲ್ಲ. ಎರಡನೆಯ ಪುಟವನ್ನು ಡೋಲಿನ ನಬಿಸಾಬ್ ಒಬ್ಬನೇ ಮುಗಿಸಿದ. ಹಾರ ಬಿತ್ತು.

4. ಇಂಥದ್ದು ಮರುಕಳಿಸಬಾರದೆಂದು ತಾವು ಈಗ ಉಲ್ಲೇಖ 1ನ್ನು ಮಂಜೂರು ಮಾಡಿದ್ದೀರಿ. ಸೋಮವಾರದಿಂದ ಮಲಂಗಸಾಬ ಮುಂದಿನ ಕುರ್ಚಿಗೆ, ಅರ್ಜಿದಾರ ದೊಡ್ಡ ಡೋಲಿನ ಹಿಂದಕ್ಕೆ. ತಾನಾಗಿ ಎದ್ದು ಹೋಗಿ ಮಾತಾಡಿಸುವ ಸ್ವಭಾವ ಇಬ್ಬರದೂ ಅಲ್ಲವೆಂಬುದು ಹನ್ನೊಂದು ವರ್ಷಗಳಿಂದ ಸಾಬೀತಾಗಿದೆ. ಆ ಅವಧಿಯಲ್ಲಿ ಅರ್ಜಿದಾರ ಕಳೆದುಕೊಂಡ ಗೆಳೆಯರ ಸಂಖ್ಯೆ ಒಂದು. ಇದ್ದದ್ದೂ ಅಷ್ಟೇ. ಮತ್ತೆ ಕಳೆದುಕೊಳ್ಳುವ ಹೆದರಿಕೆ ಅರ್ಜಿದಾರನಿಗೆ ನಿಜವಾಗಿಯೂ ಇದೆ.

ಆದ್ದರಿಂದ ಉಲ್ಲೇಖ 1ನ್ನು ಹರಿದು ಹಾಕಿ, ಇಬ್ಬರನ್ನೂ ಒಂದೇ ಸಾಲಿನಲ್ಲಿ ಮುಂದುವರಿಸಬೇಕೆಂದೂ, ಹಾಳೆ ತಿರುವುವ ಜಾಗ ಇಬ್ಬರ ಕೈಗೂ ಬಿಡುವಿಲ್ಲದ ಕಡೆಯೇ ಬರುವಂತೆ ಪ್ರಿಂಟ್ ತೆಗೆಯಬೇಕೆಂದೂ ಪ್ರಾರ್ಥನೆ. ಒಬ್ಬರನ್ನೊಬ್ಬರು ಕೇಳದೆ ಗತಿ ಇರಬಾರದು.

ಕಾಗದ ಉಳಿಸಿ ಒಂದೇ ಗೆರೆಯ ಮೇಲೆ ಸಹಿ ಮಾಡಿದ ತಮ್ಮ ವಿಶ್ವಾಸಿಗಳು,

ಮಲಂಗಸಾಬ (ಕಡ್ಡಿ ಮೇಲಕ್ಕೆ), ಪೀರಪ್ಪ (ಕಡ್ಡಿ ಕೆಳಕ್ಕೆ)

ಲಗತ್ತುಗಳು:
1. ಹಾಡಿನ ಮೊದಲ ಪುಟ, ಅತಿ ಬಳಕೆಯಿಂದ ಸವೆದದ್ದು. ಎರಡನೆಯ ಪುಟ ಹೊಸದಾಗಿಯೇ ಇದೆ.
2. ಕಮಲಾಪುರದ ಕೆಂಪು ಬಾಳೆಹಣ್ಣು, ಆರು. ಮಲಂಗಸಾಬ ತಂದದ್ದು.

ವಿ.ಸೂ.: ಮೇಜಿನ ತುಂಬ ಕಂಪ್ಯೂಟರ್ ಇರುವ ಕಾರಣ ಲಗತ್ತು 2ನ್ನು ತಮ್ಮ ಕುರ್ಚಿಯ ಮೇಲೆ ಇಡಲಾಗಿದೆ. ಮಾನ್ಯರು ಈ ಅರ್ಜಿಯನ್ನು ದಯವಿಟ್ಟು ನಿಂತೇ ಓದಬೇಕಾಗಿ ವಿನಂತಿ.